ಎರಡು ಓಣಿಯ ಬಟ್ಟಲು

ನಾನು ಒಂದು ಕಂಚಿನ ಬಟ್ಟಲು. ಅಂಗೈಯಗಲ ಬಾಯಿ, ಬೊಗಸೆಯಷ್ಟು ಹೊಟ್ಟೆ. ಬಟ್ಟಲಾಗುವ ಮುಂಚೆ ನಾನು ಒಂದು ದೊಡ್ಡ ಗಂಗಾಳವಾಗಿದ್ದೆ. ಬನವ್ವ ಎಂಬ ನೇಕಾರ ಹೆಣ್ಣುಮಗಳ ತಾಯಿ ಅದರಲ್ಲಿ ಅಂಬಲಿ ಕುಡಿಯುತ್ತಿದ್ದಳಂತೆ. ಆ ತಾಯಿ ಶಿವನ ಪಾದ ಸೇರಿದ ವರ್ಷವೇ ಗಂಗಾಳ ಬಿರುಕು ಬಿಟ್ಟಿತು. ಬನವ್ವನಿಗೆ ಅದನ್ನು ಎಸೆಯಲು ಮನಸ್ಸು ಬರಲಿಲ್ಲ. ಸೆರಗಿನಲ್ಲಿ ಸುತ್ತಿಕೊಂಡು, ಜೊತೆಗೆ ಗೆಳತಿ ದಾವಲಬಿಯನ್ನು ಕರೆದುಕೊಂಡು, ಕಂಚುಗಾರನ ಕುಲುಮೆಗೆ ಬಂದಳು.

ಬೆಂಕಿಯಲ್ಲಿ ನಾನು ನೀರಾದೆ. ಅಚ್ಚಿನಲ್ಲಿ ತಣಿದೆ. ಕಂಚುಗಾರ ನನ್ನನ್ನು ಉಜ್ಜಿ, ಬೆರಳಿನಿಂದ ಅಂಚಿಗೆ ಒಂದು ಪೆಟ್ಟು ಕೊಟ್ಟ. ಠಣ್ ಎಂದೆ. ಅದು ನನ್ನ ಮೊದಲ ಮಾತು. ನನ್ನನ್ನು ಮಾಡಿದವನನ್ನು ಮಾಡಿದವನೊಬ್ಬನಿದ್ದಾನಲ್ಲ, ಆ ದನಿ ಅವನು ಇಟ್ಟದ್ದು.

“ಹೆಸರು ಏನ್ ಹಾಕ್ಲಿ, ಯವ್ವಾ?” ಎಂದು ಕಂಚುಗಾರ ಉಳಿ ಹಿಡಿದು ಕೇಳಿದ. ಬನವ್ವ ಆಗ ಬಗ್ಗಿ, ಅಮ್ಮನ ಗಂಗಾಳದ ಚೂರೇನಾದರೂ ಉಳಿದಿದೆಯೇ ಎಂದು ಬೂದಿಯಲ್ಲಿ ಹುಡುಕುತ್ತಿದ್ದಳು. ತನ್ನ ಹೆಸರನ್ನೇ ಕೇಳುತ್ತಿದ್ದಾನೆ ಎಂದುಕೊಂಡು ಪಕ್ಕದಲ್ಲಿ ನಿಂತ ಗೆಳತಿ “ದಾವಲಬಿ” ಎಂದಳು. ಟಕ್ ಟಕ್ ಟಕ್. ಚುಕ್ಕಿ ಚುಕ್ಕಿಯಾಗಿ ನನ್ನ ಹೊಟ್ಟೆಯ ಮೇಲೆ ಆ ಹೆಸರು ಬಿತ್ತು. ಇಬ್ಬರಿಗೂ ಓದು ಬಾರದು. ಅಂದವಾಗಿದೆ ಎಂದುಕೊಂಡು ಹೊತ್ತು ತಂದರು.

ಮನೆಯಲ್ಲಿ ಬನವ್ವನ ಗಂಡ ಗುರುಸಿದ್ಧಪ್ಪ ಮಗ್ಗದ ಮುಂದೆ ಕುಳಿತಿದ್ದ. ನನ್ನನ್ನು ಬೆಳಕಿಗೆ ಹಿಡಿದು ಓದಿದವನೇ ನಗತೊಡಗಿದ. ಕೈಯಲ್ಲಿದ್ದ ಲಾಳಿ ಜಾರಿ ಕೆಳಗೆ ಬಿತ್ತು.

“ಯಾಕ ನಗ್ತೀರಿ?” ಎಂದಳು ಬನವ್ವ.

“ಏನಿಲ್ಲ. ನಿಮ್ಮವ್ವನ ಗಂಗಾಳದಾಗ ದಾವಲಬಿ ಹುಟ್ಯಾಳ.”

ಬನವ್ವ ಅದೇ ಕಾಲಿನಲ್ಲಿ ನನ್ನನ್ನು ಎತ್ತಿಕೊಂಡು ಹೊರಟಳು. ಬರಿಯ ಬಟ್ಟಲು ಕೊಡಬಾರದೆಂದು ಒಂದು ಹಿಡಿ ಬೆಲ್ಲ ಹಾಕಿದಳು. ಅವರ ನೇಕಾರ ಓಣಿಗೂ ದಾವಲಬಿಯ ಪಿಂಜಾರ ಓಣಿಗೂ ನಡುವೆ ಇದ್ದದ್ದು ಒಂದು ಗಾಡಿದಾರಿ, ಎರಡೂ ಬದಿಗೆ ಬೇವಿನ ಮರ. ಈ ಬಾಗಿಲಲ್ಲಿ ನಿಂತರೆ ಆ ಬಾಗಿಲು ಕಾಣುತ್ತಿತ್ತು.

“ತಗೋ, ನಿನ್ನ ಹೆಸರು ಐತಿ, ನಿಂದಽ ಬಟ್ಟಲಾ.”

“ಹೆಸರು ನಂದಾದ್ರ ಏನಾತು? ಕಂಚು ನಿಮ್ಮವ್ವಂದು. ನಾ ಇಟಗೊಂಡ್ರ ಆಕಿ ಬಂದು ನನ್ನ ಜುಟ್ಟು ಹಿಡೀತಾಳ.”

ದಾವಲಬಿ ಬೆಲ್ಲ ತೆಗೆದುಕೊಂಡಳು. ಆದರೆ ತುಂಬಿ ಬಂದ ಬಟ್ಟಲನ್ನು ಬರಿದಾಗಿ ಹೇಗೆ ಕಳಿಸುವುದು? ಮರುದಿನ ನನ್ನ ತುಂಬ ಶೇಂಗಾ ಹಾಕಿ ತಂದಳು. ಬನವ್ವ ಶೇಂಗಾ ತೆಗೆದುಕೊಂಡು, ಅದೇ ಕಾರಣಕ್ಕೆ, ಗೋದಿ ಬೆಲ್ಲದ ಸಿಹಿ ಮಾದಲಿ ತುಂಬಿ ತಿರುಗಿ ಕಳಿಸಿದಳು. ನಾನು ಯಾರ ಬಟ್ಟಲು ಎಂಬ ಜಗಳ ಹೀಗೆ ಶುರುವಾಯಿತು. ಮುಗಿಯುವುದು ಇಬ್ಬರಿಗೂ ಬೇಕಿರಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ.

ಎಷ್ಟು ಸಲ ಆ ಗಾಡಿದಾರಿ ದಾಟಿದೆನೋ ಶಿವನೇ ಬಲ್ಲ. ಈ ಕಡೆಯಿಂದ ಯುಗಾದಿಯ ಬೇವು ಬೆಲ್ಲ, ಆ ಕಡೆಯಿಂದ ಮೊಹರಮ್ಮಿನ ಚೊಂಗೆ. ಚೊಂಗೆ ಎಂದರೆ ಗೋದಿಯ ಸಿಹಿ ರೊಟ್ಟಿ, ಮೈತುಂಬ ಅಚ್ಚಿನ ಹೂವು. ಅದು ಬಿಸಿಯಾಗಿರುವಾಗ ನನ್ನ ಹೊಟ್ಟೆಗೆ ಆಗುತ್ತಿದ್ದ ಹಿತವನ್ನು ಹೇಳಲಾರೆ. ಒಮ್ಮೆ ದಾವಲಬಿಯ ಮನೆಯ ಮೊಸರಿನ ಹೆಪ್ಪು ಕೆಟ್ಟುಹೋಯಿತು. ಬನವ್ವ ತನ್ನ ತಾಯಿಯ ಕಾಲದಿಂದ ಬಂದ ಹೆಪ್ಪನ್ನು ಒಂದು ಚಮಚ ನನ್ನೊಳಗೆ ಇಟ್ಟು ಕೊಟ್ಟಳು. ಆ ಚಮಚದ ಹೆಪ್ಪಿನಿಂದ ಆ ಮನೆಯಲ್ಲಿ ದಿನಾ ಹಾಲು ಮೊಸರಾಗುತ್ತಾ ಬಂತು.

ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು, ಕೇಳಬಾರದು. ಹಾಗಾಗಿ ನಾನು ಆಚೆ ಇದ್ದರೂ ಈಚೆ ಇದ್ದರೂ, ಹೊತ್ತು ಇಳಿಯುವ ಮುಂಚೆ ಯಾರಾದರೊಬ್ಬರು ಹೊಸ್ತಿಲಲ್ಲಿ ನಿಂತು ಚಮಚದಿಂದ ನನ್ನ ಅಂಚಿಗೆ ಬಡಿಯುತ್ತಿದ್ದರು. ಠಣ್. ಎದುರಿನ ಮನೆಯಿಂದ “ಬಂದೆ, ಬಂದೆ” ಎಂಬ ದನಿ ಬರುತ್ತಿತ್ತು. ಮಗ್ಗದ ಸದ್ದು, ದಾವಲಬಿಯ ಗಂಡ ಮೋದಿನಸಾಬ ಹತ್ತಿ ಹಿಂಜುವ ಬಿಲ್ಲಿನ ಸದ್ದು, ಇವೆರಡರ ನಡುವೆ ನನ್ನ ದನಿ ಸಲೀಸಾಗಿ ದಾರಿ ಮಾಡಿಕೊಂಡು ಹೋಗುತ್ತಿತ್ತು.

ಆಮೇಲೆ ಅಳತೆಯ ಸರಪಳಿ ಹಿಡಿದ ಜನ ಬಂದರು. ಬೇವಿನ ಮರಗಳಿಗೆ ಸುಣ್ಣದ ಗುರುತು ಹಾಕಿದರು. ಗಾಡಿದಾರಿ ಹೈವೇ ಆಗುತ್ತದಂತೆ ಎಂದು ಎರಡೂ ಓಣಿಯವರು ಹಿಗ್ಗಿದರು. ದೊಡ್ಡ ದೊಡ್ಡ ಊರಿನ ಲಾರಿಗಳು ತಮ್ಮ ಬಾಗಿಲ ಮುಂದೆ ಹಾಯುವುದೆಂದರೆ ಸಣ್ಣ ಮಾತೇ? ಮರ ಬಿದ್ದವು. ಡಾಂಬರು ಬಂತು. ಕೆಲವು ಕಾಲ ಎಲ್ಲ ಸರಿಯಿತ್ತು. ನೋಡಿಕೊಂಡು ದಾಟಿದರೆ ಆಗುತ್ತಿತ್ತು.

ಅದು ಮತ್ತೆ ಅಗಲವಾಯಿತು. ಬನವ್ವನ ಮನೆಯ ಜಗಲಿ ಹೋಯಿತು. ನಡುವೆ ಎದೆಯೆತ್ತರದ ಸಿಮೆಂಟ್ ಗೋಡೆ ಎದ್ದಿತು. ಆ ಗೋಡೆಯಲ್ಲಿ ಒಬ್ಬರು ನುಸುಳುವಷ್ಟು ಒಂದು ಸಂದು ಬಿಟ್ಟಿದ್ದರು. ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಎರಡೂ ಓಣಿಯ ಬಾಳು ಆ ಸಂದಿನಲ್ಲಿ ನುಸುಳಿ ನುಸುಳಿ ಹೋಗುತ್ತಿತ್ತು. ಕೆಲವರು ನುಸುಳಲಾಗದೆ ರಸ್ತೆಯ ಪಾಲಾದರು. ಅವರ ಹೆಸರು ಹೇಳುವಾಗ ದಾವಲಬಿ ಕಣ್ಣು ಮುಚ್ಚಿ ದುವಾ ಮಾಡುತ್ತಿದ್ದಳು.

ಮೊಹರಮ್ಮಿನ ಒಂದು ದಿನ ದಾವಲಬಿ ನನ್ನ ತುಂಬ ಚೊಂಗೆ ಹಾಕಿಕೊಂಡು ಹೊರಟಳು. ಎದುರಿಗೆ ಬನವ್ವ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು. ದಾವಲಬಿ ಡಾಂಬರಿಗೆ ಕಾಲಿಟ್ಟಿದ್ದೇ ತಡ, ಎಲ್ಲಿತ್ತೋ ಲಾರಿ, ಹಾರ್ನು ಹೊಡೆಯುತ್ತಾ ಮೈಮೇಲೆ ಬಂದ ಹಾಗೆ ಬಂತು. ಆಕೆ ಹಿಂದಕ್ಕೆ ಬಿದ್ದಳು. ನಾನು ಕೈಜಾರಿ ಹಾರಿದೆ. ಚೊಂಗೆಗಳು ಗಾಲಿಗೆ ಸಿಕ್ಕವು. ನಾನು ಉರುಳಿ ಉರುಳಿ ಪಿಂಜಾರ ಓಣಿಯ ಚರಂಡಿಯ ಅಂಚಿಗೆ ಬಂದು ನಿಂತೆ. ನನ್ನ ಬಾಯಂಚಿನ ಒಂದು ಚೂರು ಹಾರಿತ್ತು. ದನಿ ಒಡೆಯಲಿಲ್ಲ, ದೇವರು ದೊಡ್ಡವನು.

“ದಾವಲೀ! ಜೀವ ಐತೇನ?” ಎಂದು ಬನವ್ವ ಆ ಕಡೆಯಿಂದ ಚೀರಿದಳು.

“ಐತಿ! ಚೊಂಗೆ ಹೋದ್ವು!”

“ನಿನ್ನ ಚೊಂಗೆಗೆ ಬೆಂಕಿ ಬೀಳ್ಲಿ! ಕೇಳಿಲ್ಲೆ. ಇನ್ನ ಮ್ಯಾಲೆ ನೀ ಈ ಹೈವೇ ದಾಟಿದ್ರ ನನ್ನ ಹೆಣಾ ನೋಡ್ತಿ. ಆಣಿ ಐತಿ ನೋಡು!”

ಒಂದು ಬಸ್ಸು ಹಾಯ್ದು ಹೋಯಿತು. ಅದು ಹೋಗುವವರೆಗೆ ದಾವಲಬಿ ಬಾಯಿ ತೆರೆದುಕೊಂಡೇ ಕಾದಳು. ಆಮೇಲೆ ಕೂಗಿದಳು.

“ನನಗೊಬ್ಬಾಕಿಗೆ ಯಾಕ ಆಣಿ? ನೀ ಈ ಹೈವೇ ದಾಟಿದ್ರೂ ನನ್ನ ಹೆಣಾ ನೋಡ್ತಿ. ನಿನಗೂ ಅದಽ ಆಣಿ!”

ಭಯದಲ್ಲಿ, ಸಿಟ್ಟಿನಲ್ಲಿ, ಪ್ರೀತಿಯಲ್ಲಿ ಆಡಿದ ಮಾತು. ಆದರೆ ಆಡಿದ ಮಾತು ದೇವರ ಕಿವಿಗೂ ಬಿದ್ದಿರುತ್ತದೆ. ಬನವ್ವ ಬನಶಂಕರಿಯ ಒಕ್ಕಲು, ದಾವಲಬಿ ದರ್ಗಾದ ಅಜ್ಜನಿಗೆ ನಡೆದುಕೊಳ್ಳುವವಳು. ಇಬ್ಬರೂ ಆಣೆಯನ್ನು ಆಟ ಎಂದುಕೊಳ್ಳುವವರಲ್ಲ. ದೂರದಲ್ಲಿ ಹೈವೇ ಕೆಳಗೆ ಒಂದು ಸುರಂಗದಾರಿ ಮಾಡಿದಾಗ ದಾವಲಬಿಯ ಸೊಸೆ ಜೈತೂನ ಹೇಳಿದಳು, “ಅತ್ತೀ, ಕೆಳಗ ಹಾಯ್ದು ಹೋಗೂಣು ಬರ್ರಿ. ಅದೇನು ಹೈವೇ ಮ್ಯಾಲೆ ಕಾಲಿಟ್ಟಂಗಲ್ಲ.”

“ಮ್ಯಾಲೆ ದಾಟಿದ್ರೇನು, ಕೆಳಗ ದಾಟಿದ್ರೇನು? ದಾಟಿದ್ದು ದಾಟಿದ್ದಽ,” ಎಂದಳು ದಾವಲಬಿ.

ಹೀಗೆ ನಾನು ಪಿಂಜಾರ ಓಣಿಯಲ್ಲಿ ಉಳಿದೆ. ಕಿಟಕಿಯ ಪಕ್ಕದ ಗೂಡು ನನ್ನ ಮನೆಯಾಯಿತು. ಅಲ್ಲಿಂದ ಹೈವೇ ಕಾಣುತ್ತಿತ್ತು. ಆಮೇಲೆ ಗೋಡೆಯ ಸಂದು ಮುಚ್ಚಿದರು, ಮೇಲೆ ಕಬ್ಬಿಣದ ಜಾಲರಿ ಹಾಕಿದರು. ಗೆಳತಿಯರು ತಂತಮ್ಮ ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದರು. ಜಾಲರಿಯಲ್ಲಿ ಮುಖ ಕಾಣುತ್ತಿರಲಿಲ್ಲ. ಸೀರೆಯ ಬಣ್ಣ ಕಾಣುತ್ತಿತ್ತು. ಗುರುಸಿದ್ಧಪ್ಪ ತೀರಿದ ಮೇಲೆ ಬನವ್ವನ ಸೀರೆಯ ಬಣ್ಣವೂ ಮಾಸಿತು. ಮೋದಿನಸಾಬನ ಬಿಲ್ಲು ಒಂದು ದಿನ ಗೋಡೆಗೆ ಏರಿತು, ಮತ್ತೆ ಇಳಿಯಲಿಲ್ಲ. ಸುಖದುಃಖವೆಲ್ಲ ಬೇರೆಯವರ ಬಾಯಿಂದ ಬಳಸಿಕೊಂಡು ಬರುತ್ತಿತ್ತು.

ದಾವಲಬಿ ದಿನಾ ಹುಣಸೆಹಣ್ಣು ಹಚ್ಚಿ ನನ್ನನ್ನು ತಿಕ್ಕಿ, ಸೆರಗಿನಿಂದ ಒರೆಸಿ, ಗೂಡಿನಲ್ಲಿ ಇಡುತ್ತಿದ್ದಳು. ಆಗಾಗ, ಹೊತ್ತು ಇಳಿಯುವ ಮುಂಚೆ, ಹೊಸ್ತಿಲಿಗೆ ಒಯ್ದು ಚಮಚದಿಂದ ಬಡಿಯುತ್ತಿದ್ದಳು. ನಾನು ಮೈಯೆಲ್ಲ ದನಿಯಾಗಿ ಕೂಗುತ್ತಿದ್ದೆ. ಆ ದನಿ ಮೊದಲನೆಯ ಲಾರಿಯ ಕೆಳಗೇ ಸತ್ತುಹೋಗುತ್ತಿತ್ತು. ಆಕೆ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು ಒಳಗೆ ಬರುತ್ತಿದ್ದಳು.

ಒಮ್ಮೆ ಹಳೆಯ ಪಾತ್ರೆ ಕೊಂಡು ಪ್ಲಾಸ್ಟಿಕ್ ಬುಟ್ಟಿ ಕೊಡುವವನು ಬಂದ. ಅತ್ತೆ ಒಳಗೆ ನಮಾಜಿನಲ್ಲಿದ್ದಳು. ಜೈತೂನ ಪಾಪ, ಅಂಚು ಒಡೆದ ಬಟ್ಟಲು ಯಾರಿಗೆ ಬೇಕು ಎಂದುಕೊಂಡು ನನ್ನನ್ನು ಕೊಟ್ಟುಬಿಟ್ಟಳು. ಸೈಕಲ್ಲಿನ ಚೀಲದಲ್ಲಿ ಬಿದ್ದ ನಾನು, ಇನ್ನು ಮತ್ತೆ ಬೆಂಕಿ, ಮತ್ತೆ ನೀರಾಗುವುದು, ಮುಂದೆ ಯಾರ ಹೆಸರೋ ಎಂದು ದೇವರನ್ನು ನೆನೆದೆ. ಅಷ್ಟರಲ್ಲಿ ದಾವಲಬಿ ಬರಿಗಾಲಿನಲ್ಲಿ ಓಡಿ ಬಂದಳು. ಆ ವಯಸ್ಸಿನಲ್ಲಿ ಆಕೆ ಓಡಬಲ್ಲಳೆಂದು ಯಾರಿಗೂ ಗೊತ್ತಿರಲಿಲ್ಲ.

“ಏ ಅಪ್ಪಾ, ನಿಲ್ಲೋ! ಆ ಬಟ್ಟಲಾ ಕೊಡು. ಅದು ಮಾರೂದಲ್ಲ.”

ಅವನು ನನ್ನನ್ನು ತೆಗೆದು ಹೆಸರು ಓದಿದ. “ದಾವಲಬಿ ಅಂತ ಐತಿ. ನೀವಽ ಏನ ಆಯಿ? ನಿಮ್ಮದಽ ಆತಲ್ಲ. ಸೊಸಿ ಮಾರಿದ್ರ ಏನಾತು?”

“ಹೆಸರು ನಂದು. ಬಟ್ಟಲಾ ಆಕೀದು,” ಎಂದು ಆಕೆ ಹೈವೇಯ ಆಚೆ ಕೈ ತೋರಿಸಿದಳು. ಅವನು ತಲೆ ಕೆರೆದುಕೊಂಡು ನನ್ನನ್ನು ತಿರುಗಿ ಕೊಟ್ಟ.

ಜೈತೂನಳಿಗೆ ಬೈಗುಳ ಬೀಳಲಿಲ್ಲ. ಆಕೆಯೇ ಅಳುತ್ತಾ ಕೇಳಿದಳು, “ಅಷ್ಟು ಜೀವಾ ಇದ್ರ ನಾನಽ ಒಯ್ದು ಬನವ್ವಾರಿಗೆ ಕೊಟ್ಟು ಬರ್ತೀನಿ ಅತ್ತೀ. ನನಗೇನು ಆಣಿ ಇಲ್ಲಲ್ಲ.”

“ನೀ ಕೊಟ್ಟು ಬಂದ್ರ ನನಗ ಹೋಗಾಕ ನೆಪಾ ಏನು ಉಳೀತೈತಿ?” ಎಂದಳು ದಾವಲಬಿ.

ಮೊಬೈಲು ಬಂದ ಮೇಲೆ ಜೈತೂನ ಒಂದು ದಿನ ನಂಬರು ಹಚ್ಚಿ ಅತ್ತೆಯ ಕಿವಿಗೆ ಹಿಡಿದಳು. ಬನವ್ವನ ದನಿ ಗೂಡಿನಲ್ಲಿದ್ದ ನನಗೂ ಕೇಳಿಸಿತು. ದನಿ ತೆಳ್ಳಗಾಗಿತ್ತು, ಗತ್ತು ಹಾಗೇ ಇತ್ತು.

“ಆಣಿ ಬಿಡ ಮಾರಾಯ್ತಿ,” ಎಂದಳು ದಾವಲಬಿ.

“ಬಿಡಂಗಿಲ್ಲ. ರಸ್ತೆ ಹಂಗಽ ಐತಿ. ನೀ ಉಳದಿರಬೇಕು.”

“ಉಳದು ಏನ್ ಮಾಡ್ಲಿ?”

ಬನವ್ವ ತಿರುಗಿ ಕೇಳಿದಳು, “ನಿಮ್ಮ ಮನ್ಯಾಗ ಹೆಪ್ಪು ಐತೇನ?”

“ಐತಿ. ನೀ ಕೊಟ್ಟದ್ದಽ. ಒಂದಿನಾನೂ ತಪ್ಪಿಸಿಲ್ಲ.”

“ನಮ್ಮದು ಕೆಟ್ಟು ಹೋತು ನೋಡು. ಈಗ ಪಾಕೀಟಿನ ಮೊಸರು. ಅವ್ವನ ರುಚಿ ಇಲ್ಲ.”

“ಸೊಸಿ ಕೈಯಾಗ ಕಳಸ್ಲೇನು?”

“ಬ್ಯಾಡ. ನೀನಽ ತಗೊಂಡು ಬಾ.”

“ದಾಟಬ್ಯಾಡ ಅಂತಿ, ತಗೊಂಡು ಬಾ ಅಂತಿ! ನಾ ಏನು ಗುಬ್ಬಿ ಏನ, ಹಾರಿ ಬರಾಕ?”

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಯಾರೂ ಫೋನು ಇಡಲಿಲ್ಲ. ಜೈತೂನಳ ಕೈ ಸೋತಿತು.

ಅಂದಿನಿಂದ ನನ್ನ ಹಂಬಲಕ್ಕೆ ಒಂದು ಆಕಾರ ಬಂತು. ಆ ಹೆಪ್ಪನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಮ್ಮೆ ದಾಟಬೇಕು. ಅವರಿಬ್ಬರಲ್ಲಿ ಒಬ್ಬರು ಇಲ್ಲವಾಗುವ ಮುಂಚೆ ದಾಟಬೇಕು. ನಾನು ಬೇಡುವುದನ್ನು ಬಿಟ್ಟು ಬೇರೆ ಏನು ಮಾಡಬಲ್ಲೆ? ಗೂಡಿನಲ್ಲಿ ಕುಳಿತು ಬೇಡಿಕೊಂಡೆ.

ಆಮೇಲೆ ಊರ ಹೊರಗೆ ಬೈಪಾಸು ಆಯಿತು. ಲಾರಿಗಳು ಒಂದೊಂದಾಗಿ ಆ ಕಡೆ ತಿರುಗಿದವು. ಒಂದು ಮುಂಜಾನೆ ಕಿಟಕಿಯಿಂದ ಪಾರಿವಾಳದ ರೆಕ್ಕೆಯ ಸದ್ದು ಕೇಳಿಸಿತು. ಎಷ್ಟೋ ಕಾಲದಿಂದ ಅದು ಅಲ್ಲೇ ಹಾರುತ್ತಿತ್ತು, ಕೇಳಿಸಿದ್ದು ಮಾತ್ರ ಅಂದೇ. ನಗರಸಭೆಯವರು ಎರಡೂ ಓಣಿಯವರನ್ನು ಕರೆದು ಪಿಂಜಾರ ಓಣಿಯಲ್ಲಿ ಸಭೆ ಮಾಡಿದರು. ಗೋಡೆ ಒಡೆದು, ರಸ್ತೆ ಕಿರಿದು ಮಾಡಿ, ಮರ ಹಚ್ಚಿ, ನಡೆಯುವವರಿಗೆ ದಾರಿ ಬಿಡುವ ಯೋಚನೆ. ಸಭೆಯಲ್ಲಿ ನಡೆದದ್ದನ್ನು ಜೈತೂನ ಮನೆಗೆ ಬಂದು ಬಾಯಿತುಂಬ ಹೇಳಿದಳು. ಪಂಚರ್ ಅಂಗಡಿಯ ಈರಣ್ಣ ಎದ್ದು, “ಲಾರಿ ಹೋದ್ವು, ಇನ್ನ ರಸ್ತೇನೂ ಸಣ್ಣದು ಮಾಡಿದ್ರ ನನ್ನ ಅಂಗಡಿಗೆ ಯಾರು ಬರ್ತಾರ?” ಎಂದನಂತೆ. ದಾವಲಬಿ ಕೂತಲ್ಲಿಂದಲೇ, “ಚಾದಂಗಡಿ ಇಡೋ ತಮ್ಮಾ. ಆಚಿ ಓಣಿಯಾಕಿನ್ನ ಕರಕೊಂಡು ದಿನಾ ನಾ ಬರ್ತೀನಿ,” ಎಂದಳಂತೆ. ಈರಣ್ಣನೂ ನಕ್ಕುಬಿಟ್ಟನಂತೆ. ಈಗ ಅವನದು ಚಹಾದ ಅಂಗಡಿಯೇ.

ಗೋಡೆ ಒಡೆಯುವ ಯಂತ್ರ ಬಂದಾಗ ನಾನು ಗೂಡಿನಲ್ಲಿ ಗಡಗಡ ನಡುಗಿದೆ. ಪ್ರತಿ ಪೆಟ್ಟಿಗೂ ನನ್ನಿಂದ ಸಣ್ಣ ದನಿ ಹೊರಡುತ್ತಿತ್ತು. ಧೂಳು ಇಳಿದಾಗ ಎದುರಿನ ಬಾಗಿಲು ಕಾಣಿಸಿತು. ಅದರ ನೀಲಿ ಬಣ್ಣ ಉದುರಿತ್ತು. ಹೊಸ್ತಿಲ ಮೇಲೆ ಒಬ್ಬಳು ಮುದುಕಿ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ದಾವಲಬಿ ಕಿಟಕಿಯ ಸರಳು ಹಿಡಿದು ನೋಡಿದಳು. “ಎಷ್ಟು ಸಣ್ಣಾಕಿ ಆಗ್ಯಾಳ ಜೈತೂನ,” ಎಂದಳು.

ಅರ್ಧ ಡಾಂಬರು ಕಿತ್ತು ಮಣ್ಣು ತುಂಬಿದರು. ಬೇವಿನ ಸಸಿ ನೆಟ್ಟರು. ಈ ಓಣಿಯ ಬಾಯಿಂದ ಆ ಓಣಿಯ ಬಾಯಿಗೆ ಹಾಸುಗಲ್ಲು ಹಾಕಿ ದಾರಿ ಮಾಡಿದರು. ನಡುವೆ ಒಂದು ಕಲ್ಲುಬೆಂಚು. ಮಕ್ಕಳು, ಸೊಸೆಯಂದಿರು ಎಲ್ಲ ಆಗಲೇ ಓಡಾಡತೊಡಗಿದ್ದರು. ದಾವಲಬಿ ಮಾತ್ರ ಹೊಸ್ತಿಲಲ್ಲೇ ನಿಂತಿದ್ದಳು. ಆಚೆ ಬನವ್ವನೂ ಹಾಗೇ ಕುಳಿತಿದ್ದಳು. ಗೋಡೆ ಹೋಗಿತ್ತು, ಆಣೆ ಹಾಗೇ ಇತ್ತು. “ಇಬ್ಬರಿಗೂ ಅರಳು ಮರಳು,” ಎಂದು ಓಣಿಯವರು ಆಡಿಕೊಂಡರು.

ಒಂದು ದಿನ ನಗರಸಭೆಯ ಇಂಜಿನಿಯರು ಸುಚೇತಾ ಎಂಬ ಹೆಣ್ಣುಮಗಳು ಕೆಲಸ ನೋಡಲು ಬಂದಳು. ದಾವಲಬಿ ಆಕೆಯನ್ನು ಕಿಟಕಿಯ ಹತ್ತಿರ ಕರೆದಳು.

“ಮೇಡಮ್ಮಾರ, ಒಂದು ಮಾತು ಖರೇ ಹೇಳ್ರಿ. ಇದಕ್ಕ ಈಗೂ ಹೈವೇ ಅಂತಾರೇನು?”

ಸುಚೇತಾ ಯಾಕೋ ನಕ್ಕಳು. “ಇಲ್ಲ ಆಯಿ. ಹೈವೇ ಅನ್ನೂದು ಈಗ ಬೈಪಾಸಿಗೆ. ಇದನ್ನ ಊರಿಗೆ ಬಿಟ್ಟುಕೊಟ್ಟಾರ. ಇದು ಬರೇ ಓಣಿ ರಸ್ತೆ.”

“ಸರಕಾರನಽ ಹಂಗ ಹೇಳೇತಿ?”

“ಹೌದು ಆಯಿ. ಬೋರ್ಡು ಸೈತ ಕಿತ್ತು ಒಯ್ದಾರ.”

“ಇನ್ನೊಮ್ಮೆ ಹೇಳ್ರಿ, ನಮ್ಮ ಸೊಸಿ ಕೇಳ್ಲಿ.”

ಸುಚೇತಾ ಇನ್ನೊಮ್ಮೆ ಹೇಳಿದಳು. ದಾವಲಬಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. “ಹೈವೇ ದಾಟಬಾರದು ಅಂತ ಆಣಿ ಐತಿ. ಓಣಿ ದಾಟಬಾರದು ಅಂತ ಇಲ್ಲ,” ಎಂದಳು.

ಅಂದು ಹೊತ್ತು ಇಳಿಯುವ ಮುಂಚೆ ಆಕೆ ನನ್ನನ್ನು ಹೊಸ್ತಿಲಿಗೆ ತಂದಳು. ಚಮಚದಿಂದ ಅಂಚಿಗೆ ಬಡಿದಳು. ಠಣ್. ನನ್ನ ದನಿ ಹಾಸುಗಲ್ಲಿನ ಮೇಲೆ, ಎಳೆಯ ಬೇವಿನ ನಡುವೆ, ಯಾವ ಅಡ್ಡಿಯೂ ಇಲ್ಲದೆ ಹೋಯಿತು. ಹೋಗಿ ಆ ಬಾಗಿಲಿಗೆ ತಾಗಿತು.

“ಬಂದೆ, ಬಂದೆ!”

ದಾವಲಬಿ ಅಳುತ್ತಲೇ ನನ್ನೊಳಗೆ ಹೆಪ್ಪು ಹಾಕಿದಳು, ಮೇಲೆ ಎಲೆ ಮುಚ್ಚಿದಳು. ಒಂದೊಂದೇ ಹೆಜ್ಜೆ. ಒಂದು ಆಟೋ ನಿಂತು ದಾರಿ ಬಿಟ್ಟಿತು. ಅರ್ಧ ದಾರಿಯಲ್ಲಿ ನೋಡಿದರೆ ಬನವ್ವ ಕೋಲೂರಿಕೊಂಡು ಎದುರಿಗೇ ಬರುತ್ತಿದ್ದಾಳೆ.

“ನೀ ಯಾಕ ಎದ್ದು ಬಂದಿ? ಆಣಿ ಮರತೇನು?” ಎಂದು ದಾವಲಬಿ ಗದರಿದಳು.

“ಇದು ಹೈವೇ ಅಲ್ಲಂತ. ಆ ಇಂಜಿನಿಯರು ಹುಡುಗಿನ್ನ ನಿನ್ನೇನಽ ಕೇಳೀನಿ,” ಎಂದಳು ಬನವ್ವ.

ಇಬ್ಬರೂ ಕಲ್ಲುಬೆಂಚಿನ ಮೇಲೆ ಕುಳಿತರು. ಬನವ್ವ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದಳು. ಒಡೆದ ಅಂಚು ಸಿಕ್ಕಿತು. ಹೆಸರಿನ ಚುಕ್ಕಿ ಹುಡುಕಿದಳು, ಸಿಗಲಿಲ್ಲ.

“ಹೆಸರು ಎಲ್ಲೇತಿ?”

“ದಿನಾ ತಿಕ್ಕಿ ತಿಕ್ಕಿ ಸವದು ಹೋತು.”

“ಹಂಗಾರ ಈಗ ಯಾರದು ಬಟ್ಟಲಾ?”

“ಯಾರಿಗೆ ಗೊತ್ತವಾ. ಮೊದಲು ಹೆಪ್ಪು ಹಾಕ್ಕೋ, ಹೊತ್ತು ಮುಳಗತೈತಿ.”

ಬನವ್ವನ ಮನೆಯಲ್ಲಿ ಮರುದಿನ ಅವಳ ತಾಯಿಯ ಮೊಸರು ಗಟ್ಟಿಯಾಗಿ ನಿಂತಿತು. ನಾನು ಮತ್ತೆ ದಾಟತೊಡಗಿದೆ. ಆ ದಿನಗಳನ್ನು ಹೇಳಹೊರಟರೆ ನನಗೆ ಮಾತು ಸಾಲದು. ದೇವರು ಅವನ್ನು ಹೆಚ್ಚು ಉದ್ದ ಮಾಡಲಿಲ್ಲ. ಮುಂದಿನ ಮೊಹರಮ್ಮಿನ ಚೊಂಗೆಯನ್ನು ಬನವ್ವ ತಿಂದಳು. ಯುಗಾದಿಗೆ ಮಾತ್ರ ಆಕೆ ಇರಲಿಲ್ಲ.

ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ದಾವಲಬಿ ನನ್ನ ತುಂಬ ಬಿಸಿ ಅನ್ನ ಸಾರು ಕಲಸಿಕೊಂಡು ದಾಟಿದಳು. ಬನವ್ವನ ಸೊಸೆ ನೀಲವ್ವನನ್ನು ತಬ್ಬಿಕೊಂಡು, “ನಾ ದಾಟಿದ್ದಕ್ಕಽ ಹಿಂಗಾತೇನ? ಆಕಿ ಹೇಳಿದ ಮಾತು ತಟ್ತೇನವಾ?” ಎಂದು ಅತ್ತಳು.

“ಇಲ್ಲ ಚಿಗವ್ವಾ. ನೀವು ದಾಟಿ ಬರ್ತೀರಂತಽ ನಮ್ಮತ್ತಿ ಇಷ್ಟ ದಿನ ಕಾಯ್ದು ಕುಂತಿದ್ರು,” ಎಂದಳು ನೀಲವ್ವ.

ಸೂತಕದ ಮನೆಗೆ ಹೋದ ಪಾತ್ರೆಯನ್ನು ತುಂಬಿ ಕಳಿಸುವ ಪದ್ಧತಿಯಿಲ್ಲ. ಅಂದು, ನಾನು ಹುಟ್ಟಿದ ಮೇಲೆ ಮೊದಲ ಬಾರಿ, ಬರಿದಾಗಿ ದಾಟಿ ಬಂದೆ. ದಾವಲಬಿ ನನ್ನನ್ನು ಗೂಡಿನಲ್ಲಿಟ್ಟು ತಿಕ್ಕುವುದನ್ನೇ ಬಿಟ್ಟಳು. ನಾನು ಕಪ್ಪಾಗತೊಡಗಿದೆ. ಇನ್ನು ನನ್ನ ಬಾಳು ಇಷ್ಟೇ ಎಂದುಕೊಂಡೆ. ಅದಕ್ಕೂ ಸಿದ್ಧನಾಗಿದ್ದೆ. ತುಂಬಿಸುವವನು ಅವನು, ಬರಿದು ಮಾಡುವವನೂ ಅವನು.

ಒಂದು ಇಳಿಹೊತ್ತು ನೀಲವ್ವ ಬಾಗಿಲಿಗೆ ಬಂದಳು. “ಚಿಗವ್ವಾ, ಹೆಪ್ಪು ಐತೇನ? ಸೂತಕದಾಗ ಹಾಲು ಹೆಪ್ಪ ಹಾಕಲಿಲ್ಲ, ಅತ್ತಿ ಹೆಪ್ಪು ಕೆಟ್ಟು ಹೋತು.”

ದಾವಲಬಿ ಎದ್ದಳು. ಹುಣಸೆಹಣ್ಣು ಹಚ್ಚಿ ನನ್ನನ್ನು ತಿಕ್ಕಿದಳು, ಸೆರಗಿನಿಂದ ಒರೆಸಿದಳು, ಒಂದು ಚಮಚ ಹೆಪ್ಪು ಹಾಕಿದಳು. ನೀಲವ್ವನ ಜೊತೆ ತುಂಬಿ ಹೋದವನು ಮರುದಿನ ತುಂಬಿಯೇ ತಿರುಗಿ ಬಂದೆ.

ನನಗೆ ಈಗ ವಯಸ್ಸಾಗಿದೆ. ಅಂಚು ಒಡೆದಿದೆ, ಹೆಸರು ಅಳಿದಿದೆ. ಯಾವ ಮನೆಯವನು ಎಂದು ಕೇಳಿದರೆ ಹೇಳಲಾರೆ. ಬೇವಿನ ನೆರಳು ಕಲ್ಲುಬೆಂಚಿನವರೆಗೆ ಬಂದಿದೆ. ಹೊತ್ತು ಇಳಿಯುವ ಮುಂಚೆ ದಾವಲಬಿ ಹೊಸ್ತಿಲಲ್ಲಿ ನಿಂತು ನನ್ನ ಅಂಚಿಗೆ ಬಡಿಯುತ್ತಾಳೆ. ಠಣ್. ಆಚೆಯಿಂದ “ಬಂದೆ, ಬಂದೆ” ಎಂದು ನೀಲವ್ವನ ದನಿ ತಡವಿಲ್ಲದೆ ಬರುತ್ತದೆ. ದಾವಲಬಿ ಆಮೇಲೂ ಒಂದು ಗಳಿಗೆ, ಇನ್ನೊಂದು ದನಿಗೆಂದು, 
ಕಿವಿಗೊಟ್ಟು ನಿಲ್ಲುತ್ತಾಳೆ. ಆಕೆಯ ಕೈಯಲ್ಲಿ ನಾನೂ ನಿಲ್ಲುತ್ತೇನೆ.